ಕರೀ ಕ್ಯಾಮರಾದ ಗದ್ದಲ

ಅವರು: ಈ ಕರೀ ಕ್ಯಾಮರಾಗೆ ಗದ್ದಲ ಜಾಸ್ತಿ ಕಣೇ!

ನಾನು: ಗದ್ದಲಾನಾ? ನಿಮಗೆ ಯಾವಾಗಿಂದ ಕೇಳಿಸೋಕೆ ಶುರುವಾಯ್ತು?

ಅವರು: ಹಾಂ?

ನಾನು: ಅದೇ ಹೇಳಿದ್ದು!

ಫೋಟೋದಲ್ಲೂ ಗದ್ದಲ ಇರುತ್ತದೆ ಅಂತ ನಾನು ಮೊಟ್ಟಮೊದಲು ಕೇಳಿದ್ದು ಅವತ್ತೇ. ನಮ್ಮ ಯಜಮಾನರು ಪ್ರೆಸ್ಸಿನಲ್ಲಿ ಅಚ್ಚಿನ ಮೆಷಿನ್ ಓಡಿಸುತ್ತಿದ್ದವರು. ಆ ಮೆಷಿನ್ನು ಅವರ ಎರಡು ಕಿವಿಯನ್ನೂ ತಿಂದು ಹಾಕಿತ್ತು. ಕುಕ್ಕರ್ ಕೂಗಿದರೆ ಕೇಳಿಸದು, ಬಾಗಿಲು ಬಡಿದರೆ ಕೇಳಿಸದು, ನಾನು ಕೂಗಿದರಂತೂ ಕೇಳಲೇಬೇಡಿ. ಅಂಥವರು ಅಂಗೈಯಗಲದ ಎರಡು ಕ್ಯಾಮರಾಗಳನ್ನು, ಒಂದು ಕರಿದು, ಒಂದು ಬಿಳಿದು, ಮೇಜಿನ ಮೇಲಿಟ್ಟುಕೊಂಡು ಯಾವುದಕ್ಕೆ ಗದ್ದಲ ಕಡಿಮೆ ಅಂತ ಪರೀಕ್ಷೆಗೆ ಕೂತಿದ್ದರು.

ತಂದುಕೊಟ್ಟವನು ಅವರ ಸ್ನೇಹಿತ. ಗಡಿಯಾರ ರಿಪೇರಿ ಅಂಗಡಿಯಲ್ಲೇ ಹಳೇ ಕ್ಯಾಮರಾನೂ ಮಾರುತ್ತಿದ್ದ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗಡಿಯಾರ ಅಂತಲೇ. ಅವತ್ತು ಅವನೂ ಮೇಜಿನ ಪಕ್ಕದಲ್ಲೇ ಕೂತಿದ್ದ. ಸಂಜೆಯೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅವನಿಗೆ ವಾಪಸ್ ಕೊಡಬೇಕು. ಇಟ್ಟುಕೊಂಡದ್ದರಲ್ಲಿ ನನ್ನದೊಂದು ಫೋಟೋ ತೆಗೆದು ಗೋಡೆಗೆ ಹಾಕಬೇಕು ಅನ್ನುವುದು ಯಜಮಾನರ ಹಟ. ಮದುವೆ ಫೋಟೋದಲ್ಲಿ ನಾನು ತಲೆಯೇ ಎತ್ತಿಲ್ಲ. ಆಮೇಲೆ ಯಾರು ಕ್ಯಾಮರಾ ಹಿಡಿದರೂ ಅಡುಗೆಮನೆಗೆ ಓಡಿಬಿಡುತ್ತಿದ್ದೆ. ಸಣ್ಣವಳಿದ್ದಾಗ ಸಿಡುಬು ಬಂದು ಮುಖದ ತುಂಬ ಕುಳಿ ಬಿಟ್ಟು ಹೋಗಿತ್ತು, ಅದಕ್ಕೆ.

ನಾನು ಕರೀ ಕ್ಯಾಮರಾ ಎತ್ತಿಕೊಂಡು ಕಿವಿಗೆ ಹಿಡಿದೆ.

ನಾನು: ಸದ್ದೇ ಇಲ್ವಲ್ರೀ ಇದರಲ್ಲಿ.

ಗಡಿಯಾರ: ಅತ್ತಿಗೆ, ಅದು ಫೋನಲ್ಲ. ಕ್ಯಾಮರಾದ ಗದ್ದಲ, ಅಂದ್ರೆ ನಾಯ್ಸು, ಸದ್ದಲ್ಲ, ಚುಕ್ಕಿ. ಕತ್ತಲೇಲಿ ತೆಗೆದ್ರೆ ಫೋಟೋ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಬರತ್ತೆ.

ನಾನು: ಚುಕ್ಕಿಗೆ ಚುಕ್ಕಿ ಅನ್ನೋಕೆ ಏನ್ ಧಾಡಿ ನಿಮಗೆ?

ಗಡಿಯಾರ: ಇದರಲ್ಲಿ ಐಎಸ್‌ಓ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ಏರಿಸಿದ್ರೆ ಕತ್ತಲಲ್ಲೂ ಬೆಳ್ಳಗೆ ಕಾಣತ್ತೆ. ಜೊತೆಗೆ ಗದ್ದಲಾನೂ ಏರತ್ತೆ.

ನಾನು: ಇಳಿಸಿ ಮತ್ತೆ.

ಗಡಿಯಾರ: ಇಳಿಸಿದ್ರೆ ಬರೀ ಕತ್ತಲೆ.

ನಾನು: ಕಿಟಕಿ ಪರದೆ ತೆಗೀರಿ.

ಗಡಿಯಾರ: ತೆಗೆದ್ರೆ ಗದ್ದಲ ಕಾಣಲ್ವಲ್ಲ!

ನಾನು: ಕಾಣಬಾರದು ಅಂತ ತಾನೇ ಇಷ್ಟೆಲ್ಲ ಒದ್ದಾಟ?

ಗಡಿಯಾರ ಯಜಮಾನರ ಕಡೆ ತಿರುಗಿದ.

ಅವರು: ಏನಂತೋ ಅವಳದು?

ಗಡಿಯಾರ: (ಕಿವಿಗೆ ಬಾಯಿಟ್ಟು) ಪರದೆ, ಪರದೆ!

ಅವರು: ಬರದೆ ಏನ್ ಮಾಡ್ತಾಳೆ? ಬಂದು ಕೂರೇ!

ಪರದೆ ಎಳೆದ ಹಾಗೇ ಇತ್ತು. ಅರೆಗತ್ತಲಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

ಅವರು: ಅಲ್ಲಾಡ್ಬೇಡ. ಮಾತಾಡ್ಬೇಡ.

ನಾನು: ಉಸಿರು?

ಅವರು: ಹೆಸರಾ? ನಿನ್ ಹೆಸರು ನಂಗೊತ್ತು, ಸುಮ್ನೆ ಕೂರು.

ಕರಿಯದರಲ್ಲಿ ಒಂದು, ಬಿಳಿಯದರಲ್ಲಿ ಒಂದು ತೆಗೆದು, ಟೀವಿಗೆ ವೈರು ಸಿಕ್ಕಿಸಿದರು. ಮೊದಲು ಬಂದದ್ದು ಕರಿಯದು. ನನ್ನ ಮುಖ ಬೀರುವಿನಷ್ಟು ದೊಡ್ಡದಾಗಿ ಎದುರಿಗೆ ನಿಂತಿತು. ಗೋಡೆ, ಸೀರೆ, ಕೆನ್ನೆ, ಎಲ್ಲದರ ಮೇಲೂ ಕೆಂಪು ನೀಲಿ ಚುಕ್ಕಿ.

ಅವರು: ನೋಡ್ದಾ ಗದ್ದಲ! ಪ್ರೆಸ್ಸಲ್ಲಿ ಹೀಗೆ ಬಂದಿದ್ರೆ ಎಲ್ಲಾ ರದ್ದಿಗೆ ಹಾಕ್ತಿದ್ವಿ.

ನಾನು: ನನ್ ಮುಖ ರದ್ದಿಗಾ?

ಅವರು: ಹೂಂ ಹೂಂ.

ಕೇಳಿಸದಿದ್ದಾಗ ಹೂಂಗುಟ್ಟುವುದು ಅವರ ಅಭ್ಯಾಸ. ಆಮೇಲೆ ಬಿಳಿಯದು ಬಂತು. ಗೋಡೆ ಹೊಸದಾಗಿ ಸುಣ್ಣ ಬಳಿದ ಹಾಗಿತ್ತು. ನನ್ನ ಕೆನ್ನೆಯೋ, ಈಗಷ್ಟೇ ಕಾಗದ ಬಿಚ್ಚಿದ ಸೋಪಿನ ಹಾಗೆ ನುಣ್ಣಗಿತ್ತು. ಒಂದು ಕುಳಿ ಇಲ್ಲ. ಸಿಡುಬು ಬಂದ ಮೇಲೆ ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಬಿಟ್ಟ ಕಣ್ಣು ಬಿಟ್ಟ ಹಾಗೇ ಕೂತೆ.

ಗಡಿಯಾರ: ಹೇಗಿದೆ ಅತ್ತಿಗೆ? ಗದ್ದಲ ಎಲ್ಲ ತಾನೇ ಒರೆಸಿ ಹಾಕತ್ತೆ.

ನಾನು: ಇದೇ ಇರ್ಲಿ. ಬಿಳೀದೇ ಇರ್ಲಿ.

ಅವರು: ಯಾರೇ ಇವಳು?

ನಾನು: ಯಾರು?

ಅವರು: ಟೀವೀಲಿ ಕೂತಿರೋಳು. ನಿನ್ ಸೀರೆ ಉಟ್ಕೊಂಡಿದಾಳೆ!

ನಾನು: ನಾನೇ ಕಣ್ರೀ!

ಅವರು: ನೀನಾದ್ರೆ ಕುಳಿ ಎಲ್ಲೇ?

ಗಡಿಯಾರ: (ಕೂಗಿ) ಅದನ್ನೂ ಗದ್ದಲ ಅಂದ್ಕೊಂಡು ಒರೆಸಿದೆ ಕಣೋ! ಒಳ್ಳೇದೇ ಆಯ್ತಲ್ಲ!

ಯಜಮಾನರು ದಡಬಡ ಎದ್ದು ಕರಿಯದರ ಫೋಟೋವನ್ನೇ ಮತ್ತೆ ಹಾಕಿದರು. ಟೀವಿ ಹತ್ತಿರ ಹೋಗಿ, ಪ್ರೆಸ್ಸಿನಲ್ಲಿ ಕರಡು ನೋಡುತ್ತಿದ್ದ ಹಾಗೆ ಬೆರಳಿಟ್ಟರು.

ಅವರು: ಇದು ಗದ್ದಲ. ಇದೂ ಗದ್ದಲ. ಇದಲ್ಲ, ಹುಬ್ಬಿನ ಮೇಲಿಂದು, ಅವಳದೇ. ಮೂಗಿನ ಪಕ್ಕ ಜೋಡಿ ಇದೆಯಲ್ಲ, ಅವಳದು. ಇದು ಗದ್ದಲ. ಗಲ್ಲದ್ದು ಅವಳದು, ನಕ್ರೆ ಉದ್ದ ಆಗತ್ತೆ.

ನನಗೆ ಮೈಯೆಲ್ಲ ಉರಿಯಿತು. ಸೆರಗಿನಲ್ಲಿ ಇಷ್ಟು ಕಾಲ ಮುಚ್ಚಿಟ್ಟುಕೊಂಡದ್ದನ್ನು ಈ ಮನುಷ್ಯ ಪಾಠ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದಾರೆ!

ನಾನು: ಇಷ್ಟು ವರ್ಷ ಇದನ್ನೇ ಲೆಕ್ಕ ಹಾಕ್ತಾ ಕೂತಿದ್ರಾ?

ಇದು ಅವರಿಗೆ ಕೇಳಿಸಿತು. ಪಕ್ಕದ ಮನೆಗೂ ಕೇಳಿಸಿರಬೇಕು.

ಅವರು: ಮತ್ತಿನ್ನೇನ್ ಮಾಡ್ಲಿ? ನೀನು ಬೈತೀಯ, ನಂಗೆ ಕೇಳ್ಸಲ್ಲ. ಮುಖ ನೋಡ್ತಾ ಕೂತಿರ್ತೀನಿ.

ನಾನು: ನಂಗೆ ಬಿಳೀದೇ ಬೇಕು. ಮುಖ ನಂದು!

ಅವರು: ದಿನಾ ನೋಡೋನು ನಾನು!

ನಾನು: ಗೋಡೆ ಮೇಲಿದ್ರೆ ಬಂದೋರೆಲ್ಲ ನೋಡ್ತಾರೆ!

ಅವರು: ಬಂದೋರು ಆ ನುಣ್ಣನೆಯವಳನ್ನ ನೋಡ್ತಾರೆ, ತಿರುಗಿ ನಿನ್ನ ನೋಡ್ತಾರೆ. 'ಗೋಡೆ ಮೇಲಿರೋರು ಮೊದಲನೇ ಹೆಂಡ್ತೀನಾ' ಅಂತಾರೆ. ಏನ್ ಹೇಳ್ಲಿ?

ನಗಬಾರದು ಅಂತ ತುಟಿ ಕಚ್ಚಿ ಹಿಡಿದೆ. ಆಗಲಿಲ್ಲ, ನಗು ಬಂದೇಬಿಟ್ಟಿತು. ಕ್ಲಿಕ್ ಅಂತು. ಯಜಮಾನರು ವೈರು ಕಿತ್ತು ಕರಿಯದರಲ್ಲೇ ತೆಗೆದುಬಿಟ್ಟಿದ್ದರು. ಚುಕ್ಕಿಯೋ ಚುಕ್ಕಿ, ಅದರ ನಡುವೆ ಗಲ್ಲದ ಕುಳಿ ಉದ್ದವಾಗಿ. ಗೋಡೆಗೆ ಹೋದದ್ದು ಅದೇ.

ಗಡಿಯಾರ: ಅಲ್ಲ ಮಾರಾಯ, ಬೆಳಗ್ಗಿಂದ ಗದ್ದಲ ಬೇಡ ಬೇಡ ಅಂತ ನನ್ನ ಪ್ರಾಣ ತಿಂದು, ಗದ್ದಲದ್ದನ್ನೇ ಇಟ್ಕೊಂಡ್ಯಲ್ಲ!

ಅವರು: ಹಾಂ?

ಗಡಿಯಾರ ಬಿಳಿಯದನ್ನು ಜೇಬಿಗೆ ತುರುಕಿಕೊಂಡು ಎದ್ದು ಹೋದ.

ಎಷ್ಟೋ ವರ್ಷದ ಮೇಲೆ ಯಜಮಾನರು ಆಸ್ಪತ್ರೆ ಸೇರಿದರು. ಹೃದಯ ಸೋತಿತ್ತು. ರೋಗಿಗೆ ತೊಂದರೆ ಆಗುತ್ತದೆ, ಸದ್ದು ಮಾಡಬೇಡಿ ಅಂತ ನರ್ಸು ಎಚ್ಚರಿಸಿ ಹೋಗಿದ್ದಳು. ನಾನು ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಹೊಲಿದುಕೊಂಡು ಕೂತಿದ್ದೆ. ಅವರು ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿದರು.

ಅವರು: ಏನೇ, ಆ ಬಿಳೀ ಕ್ಯಾಮರಾದವಳ ಹಾಗೆ ಕೂತಿದೀಯ?

ನಾನು: ಗದ್ದಲ ಮಾಡಬಾರದಂತೆ.

ಅವರು: ಹಾಂ?

ನಾನು: ಗದ್ದಲ ಬೇಡ್ವಂತೆ ರೀ!

ಅವರು: ನಂಗೆಲ್ಲಿ ಕೇಳ್ಸತ್ತೆ? ಬೈಯೇ ಸ್ವಲ್ಪ. ನೋಡ್ತೀನಿ.