ಐದು ನಿಮಿಷದ ಮಾತುಕತೆ

ಮಚಾಕೋಸ್ ಊರಿನ ದರ್ಜಿ ಕಸ್ಯೋಕಿಯ ಶನಿವಾರ ಹಾಳಾದದ್ದು ಶಾಲೆಯ ಮೇಡಂ ತಂದೆತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದ ಒಂದು ಸಂದೇಶದಿಂದ: "ಮಕ್ಕಳ ಜೊತೆ ಓದಿನ ಬಗ್ಗೆ, ಚುನಾವಣೆಯ ಬಗ್ಗೆ ಮಾತಾಡಿ. ಐದು ನಿಮಿಷದ ವಿಡಿಯೊ ಮಾಡಿ ಸಂಜೆ ಆರರೊಳಗೆ ಕಳಿಸಿ."

ಒಂಬತ್ತಕ್ಕೇ ಪಕ್ಕದ ಮನೆಯ ಮುಥಿಯಾನಿಯ ವಿಡಿಯೊ ಬಂದುಬಿಟ್ಟಿತು. ಮೇಕೆ ತೊಡೆಯ ತೂಕ ಬಿಟ್ಟು ಬೇರೆ ಮಾತೇ ಬಾರದ ಮಾಂಸದಂಗಡಿಯವನು! ಕೋಟು ಹಾಕಿ ಕೂತಿದ್ದ. ಎದುರಿಗೆ ಮಗಳು ಪ್ಯೂರಿಟಿ.

"ಅಪ್ಪಾ, ಓಟು ಕೇಳೋಕೆ ಬರೋರು ನಮ್ಮ ಶಾಲೆ ಲೈಬ್ರರಿ ಬೀಗ ಯಾಕೆ ತೆಗೆಸಲ್ಲ?"

"ಒಳ್ಳೇ ಪ್ರಶ್ನೆ ಮಗಳೇ. ಬೀಗ ಹಾಕಿದೋರನ್ನ ಆರಿಸಿದ್ದು ನಾವೇ ಅಲ್ವಾ?"

ಗುಂಪಿನ ತುಂಬ ಚಪ್ಪಾಳೆ. ಒಬ್ಬ ತಾಯಿಯಂತೂ "ಇಂಥ ಅಪ್ಪ ಎಲ್ಲರಿಗೂ ಸಿಗಲಿ" ಎಂದು ಬರೆದಿದ್ದಳು. ಕಸ್ಯೋಕಿಯ ಹೊಟ್ಟೆಗೆ ಇಸ್ತ್ರಿಪೆಟ್ಟಿಗೆಯ ಕೆಂಡವನ್ನೆಲ್ಲ ಸುರಿದಂತಾಯಿತು. ಅವನ ಮಗ, ಹದಿನಾಲ್ಕರ ವಾಂಬುವಾ, ಅಪ್ಪನೊಡನೆ ಪೂರ್ತಿ ಒಂದು ವಾಕ್ಯ ಆಡಿ ವರ್ಷವಾಗಿತ್ತು.

"ಬಾರೋ ಇಲ್ಲಿ! ನಾವೂ ಮಾತಾಡೋಣ," ಎಂದು ಮಗನನ್ನು ಜಗಲಿಯಲ್ಲಿ ಕೂರಿಸಿದ. ಹೆಂಡತಿ ಕಲೆಕ್ಯೆ ಫೋನು ಹಿಡಿದಳು.

"ಓದು ಹೇಗಿದೆ?"

"ಇದೆ."

"ರಾಜಕೀಯ?"

"ಅದೂ ಇದೆ."

ಕಲೆಕ್ಯೆಗೆ ನಗು ತಡೆಯಲಾಗದೆ ಫೋನು ಭೂಕಂಪಕ್ಕೆ ಸಿಕ್ಕಂತೆ ಅಲುಗಾಡಿತು. ಬೇಲಿಯಾಚೆ ಮಾರಲೆಂದು ಮಂಡಾಜಿ ಎಂಬ ಸಿಹಿ ಬನ್ನು ಕರಿಯುತ್ತಿದ್ದ ನೆರೆಯ ಅಜ್ಜಿ ಸೌಟು ಹಿಡಿದೇ ಬಂದಳು. "ವಾಂಬುವಾನ ಅಪ್ಪಾ, ಹುಡುಗನ್ನ ಪೊಲೀಸರ ಹಾಗೆ ವಿಚಾರಿಸ್ತಿದ್ದೀಯಲ್ಲೋ! ಅವನೇ ಏನಾದ್ರೂ ಕೇಳ್ಲಿ ಬಿಡು."

ವಾಂಬುವಾ ಕೇಳಿದ: "ಅಪ್ಪಾ, ಈ ಸಲ ಯಾರಿಗೆ ಓಟು ಹಾಕ್ತೀರಿ?"

ಕಸ್ಯೋಕಿ ಅಕ್ಕಪಕ್ಕ ನೋಡಿದ. ಅವನ ಬಲಕ್ಕೆ ಒಬ್ಬ ಅಭ್ಯರ್ಥಿಗೆಂದು ಹೊಲಿದ ನೂರು ಹಳದಿ ಟೋಪಿ, ಎಡಕ್ಕೆ ಎದುರಾಳಿಯ ನೂರು ನೀಲಿ ಟೋಪಿ. ಎರಡೂ ಕಡೆಯ ಪ್ರಚಾರದವರ ಮಕ್ಕಳು ವಾಂಬುವಾನ ತರಗತಿಯಲ್ಲೇ ಇದ್ದರು. ಅಂದಮೇಲೆ ವಿಡಿಯೊವನ್ನು ಎರಡೂ ಕಡೆಯವರು ನೋಡುವುದೇ.

"ಅದು... ಒಳ್ಳೆಯೋರಿಗೆ."

"ಯಾರಪ್ಪ ಆ ಒಳ್ಳೆಯೋರು? ಹೆಸರು ಹೇಳು!" ಅಜ್ಜಿ ಬಿಡಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕಿನವರು ನಿಂತರು. ಹಳದಿಯೇ ಒಳ್ಳೆಯದೆಂದು ಒಬ್ಬ, ನೀಲಿಯೆಂದು ಇನ್ನೊಬ್ಬ. ಐದೇ ನಿಮಿಷದಲ್ಲಿ ಜಗಲಿ ಸಂತೆಯಾಯಿತು, ಟೋಪಿಗಳು ಬಾಳೆಹಣ್ಣಿನ ಸಿಪ್ಪೆಯಂತೆ ಅಂಗಳದ ತುಂಬ ಹಾರಿದವು. ಅವನ್ನು ಹೆಕ್ಕಿ, ಧೂಳು ಕೊಡವಿ, ಮತ್ತೆ ಇಸ್ತ್ರಿ ಹಾಕುವಷ್ಟರಲ್ಲಿ ಗಂಟೆ ಐದೂವರೆ.

ಕಸ್ಯೋಕಿ ಮುಥಿಯಾನಿಯ ವಿಡಿಯೊವನ್ನು ಮಗನ ಮುಖಕ್ಕೆ ಹಿಡಿದ. "ನೋಡು! ನೋಡಿ ಕಲಿ! ಆ ಹುಡುಗಿ ಅಪ್ಪನ ಜೊತೆ ಹೇಗೆ ಮಾತಾಡ್ತಾಳೆ!"

ವಾಂಬುವಾ ನೋಡಿದ. ಪ್ಯೂರಿಟಿ ಬಾಯಿ ತೆರೆಯುವ ಮೊದಲೇ ಅವನ ತುಟಿ ಅಲ್ಲಾಡಿತು. ಮುಥಿಯಾನಿ ಉತ್ತರಿಸುವ ಮೊದಲೂ ಅಲ್ಲಾಡಿತು. ನಡುವೆ ಒಮ್ಮೆ ಮುಖ ಹಿಂಡಿ, "ಛೆ, ಇಲ್ಲೊಂದು ಸಾಲು ನುಂಗಿಬಿಟ್ಟಳು," ಎಂದ.

ಕಸ್ಯೋಕಿ ಫೋನು ಕೆಳಗಿಳಿಸಿದ. "ಇದನ್ನ... ನೀನು ಬರ್ಕೊಟ್ಟಿದ್ದಾ?"

"ಇಬ್ಬರ ಮಾತೂ ನಂದೇ."

"ನಿನಗೆ ಇಷ್ಟೆಲ್ಲ ಮಾತು ಬರುತ್ತೇನೋ?"

"ಪ್ಯೂರಿಟಿ ಅಪ್ಪನ ಅಂಗಡೀಲಿ ದಿನಾ ಮಾತಾಡ್ತೀನಲ್ಲ. ಅವರು ಮಾಂಸ ಕಡಿಯೋದು ನಿಲ್ಲಿಸಿ ಕೇಳ್ತಾರೆ."

"ನನ್ನ ಹತ್ರ ಯಾಕೋ ಆಡಲ್ಲ?"

"ನಿಮ್ಮ ಮಿಷನ್ನು ನಿಲ್ಲೋದೇ ಇಲ್ಲವಲ್ಲ ಅಪ್ಪಾ."

ಕಸ್ಯೋಕಿ ತಟ್ಟನೆ ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟ, ಅದು ಆಗ ಓಡುತ್ತಿರದಿದ್ದರೂ. "ಹಾಗಾದ್ರೆ ಈಗ ಹೇಳು ಮಗನೇ. ನಿಂತಿದೆ ನೋಡು. ಇನ್ನೂ ಅರ್ಧ ಗಂಟೆ ಇದೆ."

ಅಷ್ಟರಲ್ಲಿ ಫೋನು ಟಿಂಗೆಂದಿತು. ಮೇಡಂ ಬರೆದಿದ್ದರು: "ಮಕ್ಕಳ ಜೊತೆ ಹೇಗೆ ಮಾತಾಡಬೇಕು ಅಂತ ಸೋಮವಾರ ಶಾಲೆಯಲ್ಲಿ ಮುಥಿಯಾನಿಯವರು ಒಂದು ಗಂಟೆ ತಿಳಿಸಿಕೊಡುತ್ತಾರೆ. ಎಲ್ಲ ತಂದೆಯರೂ ಬರಲೇಬೇಕು."

ಪಕ್ಕದ ಮನೆಯಿಂದ ಮುಥಿಯಾನಿಯ ಗಾಬರಿಬಿದ್ದ ಕೂಗು ಕೇಳಿಸಿತು: "ವಾಂಬುವಾ! ಲೋ ವಾಂಬುವಾ! ಬೇಗ ಬಾರಪ್ಪಾ!"

ವಾಂಬುವಾ ನೋಟುಪುಸ್ತಕ ಎತ್ತಿಕೊಂಡು ಎದ್ದ. ಬೇಲಿ ದಾಟುವ ಮುಂಚೆ ತಿರುಗಿ, "ಸೋಮವಾರ ಮುಂದಿನ ಬೆಂಚಲ್ಲೇ ಕೂತ್ಕೊಳ್ಳಿ ಅಪ್ಪಾ," ಎಂದ. "ನಿಮಗೆ ಹೇಳ್ಬೇಕು ಅಂತಿದ್ದಿದ್ದನ್ನೆಲ್ಲ ಅವರ ಬಾಯಲ್ಲಿ ಹೇಳಿಸ್ತೀನಿ."