ಆಫ್ರಿಕಾದ ಮೀನು, ಹಾನಗಲ್ಲಿನ ಓಣಿ

ದಿನಕ್ಕೆ ಅರ್ಧ ತಾಸು ಸುಮ್ಮನೆ ಕೂತು ಮೀನು ನೋಡಿದರೆ ಬಿಪಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದೇ ಗುದ್ಲೆಪ್ಪನಿಗೆ ಮುಳುವಾಯಿತು. ಹಾನಗಲ್ಲಿನ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅವನ ಕಿವಿಗೆ ವಾರವಿಡೀ ಭತ್ತದ ಹರಾಜಿನ ಕೂಗು, ಮನೆಗೆ ಬಂದರೆ ಓಣಿಯವರ ಹರಟೆ. ಮಾತಾಡದ ಜೀವಗಳ ಜೊತೆ ಒಂದಿಷ್ಟು ನೆಮ್ಮದಿಯಾಗಿ ಕೂತರೆ ಸಾಕು ಎನಿಸಿತ್ತು ಅವನಿಗೆ.

ರವಿವಾರ ಬೆಳಿಗ್ಗೆ ಮುಜಾಫರನ ಮೀನಿನ ಅಂಗಡಿಗೆ ಹೋದ. ಆಫ್ರಿಕಾದ ಸಿಕ್ಲಿಡ್ ಮೀನುಗಳಲ್ಲಿ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿದ್ದ, ಎರಡನ್ನೂ ಅರ್ಧಕ್ಕೇ ನಿಲ್ಲಿಸಿದ್ದ. ಅಷ್ಟು ಸಾಕು ಎಂಬ ಧೈರ್ಯ ಅವನದು. ಸೀರೆಗೆ ಕುಪ್ಪಸ ಹೊಂದಿಸುವವರಂತೆ ಒಂದು ಹಳದಿ, ಒಂದು ನೀಲಿ, ಒಂದು ಕೇಸರಿ ಆರಿಸಿದ.

"ಸಣ್ಣ ಟ್ಯಾಂಕ್ ಅಂತೀರಿ. ಇವು ಮೂರೂ ಗಂಡ ಅದಾವ್ರಿ, ಸಿಟ್ಟಿನ ಜಾತಿ," ಎಂದ ಮುಜಾಫರ.

"ಗಂಡಸ್ರು ಗಂಡಸ್ರು ಹೊಂದ್ಕೊಂಡ ಇರ್ತಾರ ತಗೋ. ಮಾತ ಹೆಚ್ಚ ಇರೂದಿಲ್ಲ."

ಮಾತೇನೋ ಇರಲಿಲ್ಲ. ಮನೆಗೆ ತಂದು ಟ್ಯಾಂಕಿನ ನೀರಿಗೆ ಬಿಟ್ಟ ಕೂಡಲೇ ನೀಲಿ ಮೀನು ಅಲ್ಲಿದ್ದ ಕಲ್ಲುಗಳೆಲ್ಲ ತನ್ನಪ್ಪನ ಆಸ್ತಿ ಎನ್ನುವಂತೆ ಎರಗಿ ಹಳದಿಯ ಬಾಲ ಕಚ್ಚಿತು. ಕೇಸರಿ ಬಂದು ನೀಲಿಯ ಮೂತಿಗೆ ಗುದ್ದಿತು. ನೀರು ಚಿಮ್ಮಿ ಪಡಸಾಲೆಯೆಲ್ಲ ಒದ್ದೆಯಾಯಿತು. ಹೆಂಡತಿ ರಾಜಶ್ರೀ ಸೆರಗು ಸಿಕ್ಕಿಸಿಕೊಂಡು ಹೊರಬಂದಳು.

"ಸಂಜೀ ತನಕ ನೋಡ್ತೇನಿ. ಇವುಗಳ ಜಗಳ ನಿಂತಿಲ್ಲಂದ್ರ ಮೀನ ಮುಜಾಫರಗ ವಾಪಸ್, ಟ್ಯಾಂಕ್ ನನ್ನ ಸಂಡಿಗಿ ತುಂಬಾಕ."

"ಸಂಜೀ ಯಾಕ, ಮಧ್ಯಾಹ್ನಕ್ಕ ನಿಲ್ಲಸ್ತೇನಿ ನೋಡ!"

ಗದ್ದಲ ಕೇಳಿ ಪಕ್ಕದ ಮನೆಯ ಸಾವಂತ್ರವ್ವ ಬಂದಳು. ಓಣಿಯ ಅರ್ಧಕ್ಕರ್ಧ ಮದುವೆಗಳನ್ನು ಕುದುರಿಸಿದ ಹೆಂಗಸು. ಟ್ಯಾಂಕನ್ನು ಒಮ್ಮೆ ನೋಡಿದವಳೇ ರೋಗ ಏನೆಂದು ಕಂಡುಹಿಡಿದಳು.

"ಮದ್ವಿ ಆಗದ ಮೂರ ಹುಡುಗ್ರನ್ನ ಕೂಡಿ ಹಾಕಿದ್ರ ಬಡದಾಡದ ಏನ ಭಜನಿ ಮಾಡ್ತಾವ? ಒಂದ ಹೆಣ್ಣ ತಂದ ಹಾಕೋ."

"ಒಂದ ಯಾಕ್ರಿ, ಮೂರೂ ತರ್ತೇನಿ."

"ಮೊದಲ ಹಿರ್ಯಾಂದ ಆಗ್ಲಿ. ಹಿರ್ಯಾ ಇರೂವಾಗ ಕಿರ್ಯಾರ ಮದ್ವಿ ಮಾಡೂ ಪದ್ಧತಿ ನಮ್ಮಲ್ಲಿಲ್ಲ."

ಗುದ್ಲೆಪ್ಪ ಒಂದೇ ಒಂದು ಹೆಣ್ಣು ಮೀನು ತಂದು ಬಿಟ್ಟ. ಆದರೆ ಹಿರಿಯ ಯಾರು ಎಂಬುದು ಮೀನುಗಳಲ್ಲೇ ತೀರ್ಮಾನವಾಗಿರಲಿಲ್ಲ. ಮೂರೂ ತಾನೇ ಹಿರಿಯ ಎಂದು ಕಾದಾಡಿದವು. ಹೆಣ್ಣು ಪಾಪ, ಪಂಪಿನ ಹಿಂದೆ ಅಡಗಿಕೊಂಡಿತು. "ಈ ಸಂಬಂಧ ಕೂಡೂದಲ್ಲ ಬಿಡೋ," ಎಂದು ಸಾವಂತ್ರವ್ವ ಕೈ ತೊಳೆದುಕೊಂಡಳು, ಕುರ್ಚಿ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಮೈಲಾರಲಿಂಗ ಬಂದ. ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು.

"ಖಾಲಿ ಬಸ್ಸಿನ್ಯಾಗ ಕಿಡಕಿ ಸೀಟಿಗೆ ಜಗಳ, ಗುದ್ಲೆಪ್ಪ. ರಶ್ ಮಾಡು. ಕೈ ಎತ್ತಾಕ ಜಾಗ ಇಲ್ಲಂದ್ರ ಯಾಂವ ಬಡೀತಾನ?"

ಗುದ್ಲೆಪ್ಪನಿಗೆ ಇದು ಪಸಂದಾಯಿತು. ಮತ್ತೆ ಮುಜಾಫರನ ಅಂಗಡಿ, ಮತ್ತೆ ಚೀಲದ ತುಂಬ ಮೀನು. ರಶ್ಶೂ ಆಯಿತು, ಜಗಳವೂ ಹೆಚ್ಚಿತು. ಮೈಲಾರಲಿಂಗ ಗಾಜು ಬಡಿಯುತ್ತ "ಮುಂದ ಸರೀರಿ, ಮುಂದ ಸರೀರಿ" ಎಂದು ಕೂಗತೊಡಗಿದ. ಆ ಕೂಗಿಗೆ ಓಣಿಗೆ ಓಣಿಯೇ ಬಂದು ಟ್ಯಾಂಕನ್ನು ಮುತ್ತಿ, ಗಾಜಿಗೆ ಮುಖ ಹಚ್ಚಿ ತಲೆಗೊಂದು ಸಲಹೆ ಕೊಟ್ಟಿತು. ಗುದ್ಲೆಪ್ಪನ ತಲೆ ಗಿಮ್ಮೆಂದಿತು. ಆದರೂ ಹಠ ಬಿಡದೆ ತೋಳೇರಿಸಿ, ನೀರಿಗೆ ಕೈ ಹಾಕಿ, ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಬೇರೆ ಕಡೆ ಇಟ್ಟ.

ಸಂಜೆ ರಾಜಶ್ರೀ ಸಂಡಿಗೆಯ ಬುಟ್ಟಿ ಹಿಡಿದು ಬಂದಾಗ ಟ್ಯಾಂಕು ತಣ್ಣಗಿತ್ತು. ಓಣಿಯವರು ಇನ್ನೂ ಗಾಜಿಗೆ ಮುಖ ಹಚ್ಚಿಕೊಂಡೇ ಇದ್ದರು, ಮೀನುಗಳೆಲ್ಲ ಒಂದೇ ಮೂಲೆಯಲ್ಲಿ ಒತ್ತಾಗಿ ನಿಂತಿದ್ದವು.

"ನೋಡಿದ್ಯಾ? ಕಲ್ಲ ಹೆಂಗ ಇಡಬೇಕನ್ನೂದು ನನಗ ಗೊತ್ತಿತ್ತು!"

"ಆತ ಬಿಡ್ರಿ, ಇರ್ಲಿ," ಎಂದಳು ರಾಜಶ್ರೀ. "ಮತ್ತ ಜಗಳ ಕಂಡ್ರ ಮಾತ್ರ ಸುಮ್ನಿರಾಂಗಿಲ್ಲ."

ಗುದ್ಲೆಪ್ಪ ಎಲ್ಲರಿಗೂ ಕೈಮುಗಿದು, ಅವಸರದಿಂದಲೇ ಹೊರಗೆ ಕಳಿಸಿ, ಚಿಲಕ ಹಾಕಿದ. ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕಾಲು ಚಾಚಿದ. ಅವನಿಗೆ ನಿಜಕ್ಕೂ ಸುಖವೆನಿಸಿತು.

ದಬ್! ನೀರು ಅವನ ಮುಖಕ್ಕೇ ಸಿಡಿಯಿತು. ನೀಲಿ ಹಳದಿಯನ್ನು ಅಟ್ಟುತ್ತಿತ್ತು, ಕೇಸರಿ ನೀಲಿಯನ್ನು. ಗಡಬಡಿಸಿ ಕಲ್ಲು ಸರಿಸಿದ, ನಿಲ್ಲಲಿಲ್ಲ. ಮತ್ತೆ ಸರಿಸಿದ, ಆಗಲೂ ನಿಲ್ಲಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸಾವಂತ್ರವ್ವ, ಹಿಂದೆ ಸೊಸೆಯಂದಿರು, ಮೊಮ್ಮಕ್ಕಳು. "ಇವರೂ ಒಮ್ಮೆ ನೋಡ್ಲೋ," ಎನ್ನುತ್ತ ಒಳನುಗ್ಗಿದರು. ಅಷ್ಟೂ ಮುಖಗಳು ಗಾಜಿಗೆ ಅಂಟಿದ್ದೇ ತಡ, ಮೀನುಗಳು ಜಗಳ ಬಿಟ್ಟು, ಹೆದರಿ, ಮೈಗೆ ಮೈ ಹಚ್ಚಿ ಮೂಲೆ ಸೇರಿದವು. ನೀಲಿಯೂ ಹಳದಿಯೂ ಅಣ್ಣತಮ್ಮಂದಿರಂತೆ ನಿಂತವು. ಅವರು ನೋಡಿ, ಹೊಗಳಿ, ಹೊರಬಿದ್ದರು. ದಬ್!

"ಅದೇನ್ರೀ ಸಪ್ಪಳಾ?" ಅಡುಗೆಮನೆಯಿಂದ ರಾಜಶ್ರೀಯ ದನಿ. ಜೊತೆಗೆ ಬುಟ್ಟಿ ಎತ್ತಿದ ಸದ್ದು.

ಗುದ್ಲೆಪ್ಪ ಬರಿಗಾಲಲ್ಲೇ ಓಣಿಗೆ ಓಡಿದ.

"ಸಾವಂತ್ರವ್ವಾರ! ಮೈಲಾರಲಿಂಗಣ್ಣಾರ! ಎಲ್ಲಾರೂ ಬರ್ರಿ, ಕುಂದರ್ರಿ, ಚಾ ಕುಡದ ಹೋಗ್ರಿ! ನಾಳೇನೂ ಬರ್ರಿ, ದಿನಾ ಬರ್ರಿ! ನಿಮ್ಮನ್ನ ಬಿಟ್ರ ನನಗ ಯಾರದಾರ್ರಿ!"