ಎಂಟು ಕೈಗಳ ಜಂಪರು

ಕಂಡಲ್ಲಿ ಜನ ಕೈಮುಗಿದರೆ ಯಾರಿಗೆ ಬೇಡ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದವಳು. ನಮ್ಮಂಥ ಸಾಮಾನ್ಯರಿಗೆ ಮರ್ಯಾದೆ ಸಿಗುವುದು ಅಪರೂಪ. ಬೀಗರ ಮನೆಗೆ ಹೋದಾಗ ಒಂದಿಷ್ಟು, ಬ್ಯಾಂಕಿನಲ್ಲಿ ಗುಮಾಸ್ತನ ಮೂಡು ಚೆನ್ನಾಗಿದ್ದರೆ ಇನ್ನೊಂದಿಷ್ಟು. ಆದರೆ ಒಂಬತ್ತು ದಿನ ಸಾಕ್ಷಾತ್ ದೇವಿಯಾಗಿದ್ದು ಇಳಿದು ಬಂದವಳಾಗಿ ಹೇಳುತ್ತೇನೆ, ಆ ಕೆಲಸದಲ್ಲಿ ಸುಖವಿಲ್ಲ. ಮೊದಲನೆಯದಾಗಿ, ಕೆಮ್ಮು ಬಂದರೂ ಕೆಮ್ಮುವಂತಿಲ್ಲ.

ನಾನು ಲಕ್ಷ್ಮೇಶ್ವರದಲ್ಲಿ ಇಪ್ಪತ್ತೆರಡು ವರ್ಷದಿಂದ ಜಂಪರು ಹೊಲಿಯುವವಳು. ನಮ್ಮ ಓಣಿಯ ಹೆಂಗಸರ ತೋಳು ಎಷ್ಟು, ಬೆನ್ನು ಎಷ್ಟು, ಯಾರು ಯಾವ ವರ್ಷ ದಪ್ಪಗಾದರು, ಯಾರು ಯಾವ ಚಿಂತೆಯಲ್ಲಿ ಸೊರಗಿದರು ಎಲ್ಲ ನನಗೆ ಗೊತ್ತು. ಅವರಿಗೆ ನನ್ನ ವಿಷಯ ಗೊತ್ತಿರುವುದು ಒಂದೇ, ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂದು. ಹಾಗಾಗಿ ದಿನಕ್ಕೆ ನಾಲ್ಕು ಜನರಾದರೂ ಬಂದು ಬೈದು, ಬೈದು ಮುಗಿಸಿ ಚಹಾ ಕುಡಿದು ಹೋಗುತ್ತಿದ್ದರು. ನಮ್ಮ ಯಜಮಾನರದು ಕಾಳುಕಡಿಯ ಅಂಗಡಿ, ಆದರೆ ಮನಸ್ಸು ಪೂರ್ತಿ ಪುರಸಭೆಯಲ್ಲಿ. ಮೆಂಬರ್ ಆಗಬೇಕೆಂದು ಹತ್ತು ವರ್ಷದಿಂದ ಗುರುತಿಲ್ಲದವರ ಮದುವೆಗೂ ಹೋಗಿ ಅಕ್ಷತೆ ಹಾಕಿ ಬಂದ ಮನುಷ್ಯ. ಈ ಸಲ ಮೀಸಲಾತಿ ಪಟ್ಟಿ ಬಂದಾಗ ನೋಡಿದರೆ ನಮ್ಮ ವಾರ್ಡಿನ ಮುಂದೆ ‘ಮಹಿಳೆ’ ಎಂದಿತ್ತು. ಅವರು ಪಟ್ಟಿಯನ್ನು ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಅಷ್ಟು ಗಮನವಿಟ್ಟು ಅವರು ಯಾವತ್ತೂ ನೋಡಿರಲಿಲ್ಲ.

ನಾಮಪತ್ರಕ್ಕೆ ಸಹಿ ಮಾಡಿದ್ದಷ್ಟೇ ನನ್ನ ಕೆಲಸ. ಉಳಿದದ್ದನ್ನು ಮೈದುನ ಈರಣ್ಣ ವಹಿಸಿಕೊಂಡ. ಅವನು ನನ್ನ ಹಳೆಯ ಫೋಟೊ ಒಂದನ್ನು ಹಿಡಿದು ಗದಗಿಗೆ ಹೋದವನು ಸಂಜೆ ಟೆಂಪೊದಲ್ಲಿ ಆರು ಫ್ಲೆಕ್ಸು ಹೇರಿಕೊಂಡು ಬಂದ. ಬಿಚ್ಚಿ ನೋಡಿದರೆ ಮುಖ ನನ್ನದು, ಮೈ ದೇವಿಯದು. ಎಂಟು ಕೈ, ಎಂಟರಲ್ಲೂ ಆಯುಧ, ಕೆಳಗೆ ಹುಲಿ, ಹುಲಿಯ ಬಾಯಿಯ ಹತ್ತಿರ ಮೀಸೆಯ ರಾಕ್ಷಸನೊಬ್ಬ ಬಿದ್ದುಕೊಂಡಿದ್ದ. ‘ಭ್ರಷ್ಟರ ಸಂಹಾರಕ್ಕೆ ಬಂದಳು ತಾಯಿ’ ಎಂದು ಮೇಲೆ ಬರೆದಿತ್ತು. ನಾನು ಹೊಲಿಗೆಯವಳು ನೋಡಿ, ನನ್ನ ಕಣ್ಣು ಮೊದಲು ಹೋದದ್ದು ಜಂಪರಿನ ಕಡೆಗೆ. ಎಂಟು ತೋಳಿಗೆ ಕಂಕುಳು ಎಲ್ಲಿ ಕತ್ತರಿಸುವುದು, ಬೆನ್ನಿಗೆ ಬಟ್ಟೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತ ನಿಂತೆ. ನಮ್ಮ ಅತ್ತೆಯವರು ಮಾತ್ರ ರಾಕ್ಷಸನನ್ನೇ ಬಹಳ ಹೊತ್ತು ನೋಡಿ, ಇಂವ ನಮ್ಮ ಈರಣ್ಣನಂಗ ಕಾಣ್ತಾನಲ್ಲ ಎಂದರು. ಈರಣ್ಣ ಬೇಗಬೇಗ ಫ್ಲೆಕ್ಸು ಸುತ್ತಿಟ್ಟ.

ನನ್ನ ಎದುರಾಳಿ ಶಾಂತಕ್ಕ, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗ ನಮ್ಮ ಈರಣ್ಣನಿಗಿಂತ ಒಂದು ಕೈ ಮುಂದೆ. ತಾನೂ ಆರು ಫ್ಲೆಕ್ಸು ಮಾಡಿಸಿ, ತಾಯಿಯನ್ನು ಕಮಲದ ಮೇಲೆ ಲಕ್ಷ್ಮಿಯಾಗಿ ಕೂರಿಸಿ, ಎರಡೂ ಪಕ್ಕಕ್ಕೆ ಆನೆ ನಿಲ್ಲಿಸಿದ್ದ. ಶಾಂತಕ್ಕನ ಮೊಣಕಾಲು ನೋವು ಊರಿಗೇ ಗೊತ್ತು. ಅವರು ನೆಲದ ಮೇಲೆ ಕೂತು ಎಷ್ಟೋ ವರ್ಷವಾಗಿದೆ. ಫ್ಲೆಕ್ಸಿನಲ್ಲಿ ಪದ್ಮಾಸನ ಹಾಕಿ ನಗುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮಿಬ್ಬರನ್ನೂ ಎದುರುಬದುರು ಕಟ್ಟಿದ್ದರು. ಒಂದು ದಿನ ನಿಂತು ನೋಡುವಾಗ ನನಗೊಂದು ಸಂಗತಿ ಹೊಳೆಯಿತು. ಎರಡರಲ್ಲೂ ಕೆಳಗೆ ಸಾಲಾಗಿ ಗಂಡಸರ ಫೋಟೊಗಳಿದ್ದವು: ನಮ್ಮ ಯಜಮಾನರು, ಈರಣ್ಣ, ಶಾಂತಕ್ಕನ ಮಗ, ಅವರ ಗೆಳೆಯರು. ಎಲ್ಲರೂ ಅವರವರ ಅಂಗಿಯಲ್ಲೇ ಇದ್ದರು. ಒಬ್ಬನೂ ಈಶ್ವರನಾಗಿರಲಿಲ್ಲ, ಒಬ್ಬನ ಕೊರಳಲ್ಲೂ ಹಾವಿರಲಿಲ್ಲ. ಗಂಡಸಿಗೆ ಮತ ಕೇಳಲು ಒಂದು ಇಸ್ತ್ರಿ ಅಂಗಿ ಸಾಕು; ನಮಗೆ ಮಾತ್ರ ಹುಲಿ ಬೇಕು, ಆನೆ ಬೇಕು.

ತೊಂದರೆ ಶುರುವಾದದ್ದು ಮನೆಮನೆಗೆ ಹೋದಾಗ. ನಮ್ಮ ಓಣಿಯ ಗೌರಮ್ಮ ನನ್ನನ್ನು ಬೈಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದವರು. ಅವರ ಜಂಪರು ಹೊಲಿಯದೆ ಎರಡು ತಿಂಗಳಿನಿಂದ ನನ್ನ ಹತ್ತಿರವೇ ಬಿದ್ದಿತ್ತು. ಬಾಗಿಲಲ್ಲಿ ನಿಂತು, ಈಗ ಶುರುವಾಗುತ್ತದೆ ಎಂದು ತಲೆ ತಗ್ಗಿಸಿದರೆ, ಗೌರಮ್ಮ ಆರತಿ ತಟ್ಟೆ ಹಿಡಿದು ಬಂದರು. ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದರು. ಜಂಪರಿನ ಮಾತೇ ಇಲ್ಲ. ನಳದ ಮಾತಿಲ್ಲ, ಬೀದಿದೀಪದ ಮಾತಿಲ್ಲ. ಬೇರೆ ಮನೆಗಳಲ್ಲೂ ಅದೇ ಕತೆ. ನಮ್ಮ ಮನೆಗೆ ಬಂದು ಬೈಯುವುದು ನಿಂತೇ ಹೋಯಿತು. ಯಾರೋ ಬಸ್ ಸ್ಟ್ಯಾಂಡಿನ ಫ್ಲೆಕ್ಸಿಗೆ ಕಾಯಿ ಒಡೆದು ಹೋಗಿದ್ದರು. ಮಧ್ಯಾಹ್ನ ಮಶೀನಿನ ಮುಂದೆ ಒಬ್ಬಳೇ ಕೂತರೆ ಊರೆಲ್ಲ ನನ್ನ ಜೊತೆ ಮಾತು ಬಿಟ್ಟಂತೆ ಅನಿಸುತ್ತಿತ್ತು.

ಫ್ಲೆಕ್ಸು ಕಟ್ಟಿದ ಎಂಟನೆಯ ದಿನ ಬೆಳಿಗ್ಗೆ ಗೌರಮ್ಮ ಮೂರು ವರ್ಷದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ಹುಡುಗಿಯ ಮೈ ಕೆಂಡದಂತೆ ಸುಡುತ್ತಿತ್ತು. ಎರಡು ದಿನದಿಂದ ಜ್ವರ ಅಂತೆ. ದವಾಖಾನೆಗೆ ಹೋಗಿಲ್ಲವೇ ಎಂದರೆ, ಮೊದಲು ನನ್ನ ಕೈಯಿಂದ ಹಣೆಗೆ ಅಂಗಾರ, ಅಂದರೆ ದೇವರ ಬೂದಿ, ಹಚ್ಚಿಸಿಕೊಂಡು ಆಮೇಲೆ ನೋಡಿದರಾಯಿತು ಎಂದರು.

“ಗೌರಮ್ಮಾರ, ನಾ ಜಂಪರ್ ಹೊಲಿಯಾಕಿ ರೀ,” ಎಂದೆ.

“ಅದು ನನಗ ಗೊತ್ತೈತಿ. ಆದ್ರ ಬಸ್ ಸ್ಟ್ಯಾಂಡನ್ಯಾಗ ನಿನ್ನ ಮಾರಿ ನೋಡಿದ್ರ ಕೈ ತಾನ ಮುಗಿತಾವವ್ವಾ,” ಎಂದರು. ಹೇಳುವಾಗ ಅವರ ಕಣ್ಣಲ್ಲಿ ತಮಾಷೆಯಿರಲಿಲ್ಲ.

ಮಗುವನ್ನು ಕಸಿದುಕೊಂಡಂತೆಯೇ ಎತ್ತಿಕೊಂಡು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ದವಾಖಾನೆಗೆ ನಡೆದೆ. ಗೌರಮ್ಮ ಹಿಂದೆ ಹಿಂದೆ ಬಂದರು. ಡಾಕ್ಟರು ಸೂಜಿ ಚುಚ್ಚಿ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸಂಜೆ ಹೊತ್ತಿಗೆ ಜ್ವರ ಇಳಿದು ಹುಡುಗಿ ಬಿಸ್ಕೀಟು ಕೇಳಿದಳು. ಓಣಿಯಲ್ಲಿ ಸುದ್ದಿ ಹಬ್ಬಿತು. ಡಾಕ್ಟರ ಹೆಸರು ಯಾರೂ ಎತ್ತಲಿಲ್ಲ. ನಾನು ಎತ್ತಿಕೊಂಡದ್ದಕ್ಕೇ ಜ್ವರ ಬಿಟ್ಟಿತಂತೆ. ಮನೆಯಲ್ಲಿ ಫ್ಲೆಕ್ಸು ಇಳಿಸಿರಿ ಎಂದು ಬೇಡಿಕೊಂಡೆ. ಈರಣ್ಣ, “ವೈನಿ, ಈಗ ಖರೆ ಹವಾ ಎದ್ದೈತಿ, ನೀವು ಸುಮ್ಮ ಕುಂಡ್ರಿ,” ಎಂದ. ಯಜಮಾನರು ಕಾಳು ಆರಿಸುವವರಂತೆ ನೆಲ ನೋಡುತ್ತ ಕೂತರು.

ಮರುದಿನ ಗುಂಡಿ ತರುವ ನೆಪ ಹೇಳಿ ಚುನಾವಣಾ ಕಚೇರಿಗೆ ಹೋದೆ. ದೇವರ ಚಿತ್ರ ಹಾಕಿ ಮತ ಕೇಳುವುದು ತಪ್ಪೆಂದು ಅಲ್ಲಿಯ ಬೋರ್ಡಿನಲ್ಲೇ ಬರೆದಿದ್ದನ್ನು ನಾಮಪತ್ರದ ದಿನ ಓದಿದ್ದೆ. ನನ್ನ ಮೇಲೆ ನಾನೇ ದೂರು ಕೊಡಬಹುದೇ ಎಂದು ಯೋಚಿಸುತ್ತ ವರಾಂಡ ಹತ್ತಿದರೆ, ಬೆಂಚಿನ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಶಾಂತಕ್ಕ ಕೂತಿದ್ದರು. ಇಬ್ಬರ ಮುಖವೂ ಬಿಳಿಚಿತು. ನನ್ನ ಮೇಲೆ ದೂರು ಕೊಡಲು ಬಂದಿದ್ದಾರೆ ಎಂದು ನಾನು, ಅವರ ಮೇಲೆ ಕೊಡಲು ನಾನು ಬಂದಿದ್ದೇನೆ ಎಂದು ಅವರು. ಶಾಂತಕ್ಕನೇ ಮೊದಲು ಬಾಯಿಬಿಟ್ಟರು. ಅಂಗನವಾಡಿಯಲ್ಲಿ ಅವರ ಕೈಯಲ್ಲಿ ಉಂಡು ಬೆಳೆದ ಹೆಣ್ಣುಮಕ್ಕಳೇ ಈಗ ಅವರ ಮುಂದೆ ಕುರ್ಚಿಯ ಮೇಲೆ ಕೂರುವುದಿಲ್ಲವಂತೆ. ಕಾಲು ನೋವು ಎಂದರೆ, ಲಕ್ಷ್ಮಿಗೆಂಥಾ ಕಾಲುನೋವು ಎಂದು ನಗುತ್ತಾರಂತೆ. ಮಗನಿಗೆ ಹೇಳಿ ಸಾಕಾಗಿ, ತಮ್ಮ ಮೇಲೆ ತಾವೇ ದೂರು ಬರೆಯಲು ಬಂದಿದ್ದರು.

“ನಮ್ಮ ಮ್ಯಾಲೆ ನಾವ ಬರದ್ರ ಮನ್ಯಾಗ ಕೊಲ್ತಾರ,” ಎಂದೆ.

ಶಾಂತಕ್ಕ ಯೋಚಿಸಿ, “ಹಂಗಾರ ನೀ ನನ್ನ ಮ್ಯಾಲೆ ಬರಿ, ನಾ ನಿನ್ನ ಮ್ಯಾಲೆ ಬರಿತೀನಿ,” ಎಂದರು.

ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಬರೆದೆವು. ‘ಆನೆ’ ಎಂಬುದನ್ನು ಸೇರಿಸಲು ಅವರೇ ನೆನಪಿಸಿದರು. ‘ಹುಲಿ’ ಬಿಟ್ಟಿದ್ದೀರಿ ಎಂದು ನಾನು ತೋರಿಸಿಕೊಟ್ಟೆ. ಅಧಿಕಾರಿ ಎರಡೂ ಅರ್ಜಿಗಳನ್ನು ಓದಿ, ನೆರೆಹೊರೆಯವರು ಇಷ್ಟೊಂದು ವೈರ ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳಿದರು. ನಾವು ತಲೆ ತಗ್ಗಿಸಿ ಕೇಳಿದೆವು. ಸಂಜೆಯೊಳಗೆ ಸಿಬ್ಬಂದಿ ಬಂದು ಹನ್ನೆರಡೂ ಫ್ಲೆಕ್ಸುಗಳನ್ನು ಬಿಚ್ಚಿ ಸುತ್ತಿಕೊಂಡು ಹೋದರು. ಈರಣ್ಣ ಶಾಂತಕ್ಕನ ಮನೆತನವನ್ನು ಶಪಿಸಿದ. ನಾನು ಒಳಗೆ ಹೋಗಿ, ಒಂಬತ್ತು ದಿನದಿಂದ ತಡೆದಿಟ್ಟ ಕೆಮ್ಮನ್ನು ಮನಸಾರೆ ಕೆಮ್ಮಿದೆ.

ಚುನಾವಣೆಯಲ್ಲಿ ಹತ್ತೊಂಬತ್ತು ಮತಗಳಿಂದ ಸೋತೆ. ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಒಂದು ಸಂಜೆಯಷ್ಟು ಆಯಿತು. ಮೂರನೆಯ ದಿನ ಗೌರಮ್ಮ ಬಂದು, ಎರಡೂವರೆ ತಿಂಗಳಾದರೂ ಜಂಪರು ಹೊಲಿಯದ ನನಗೆ ಮತ ಹಾಕದಿದ್ದದ್ದೇ ಚಲೋ ಆಯಿತು ಎಂದು ಓಣಿಗೆಲ್ಲ ಕೇಳುವಂತೆ ಬೈದರು. ಅವರ ದನಿ ಕೇಳಿ ನನ್ನ ಎದೆಯ ಮೇಲಿನ ಭಾರ ಇಳಿಯಿತು. ಒಲೆಯ ಮೇಲೆ ಚಹಾಕ್ಕಿಟ್ಟೆ. ಮೊಮ್ಮಗಳು ನನ್ನ ದಾರದ ಉಂಡೆಗಳನ್ನೆಲ್ಲ ಬಿಚ್ಚಿ ಹಾಕಿದಳು.

ಸೋತವಳಿಗೆ ಮತದಾರಳ ಹಕ್ಕಾದರೂ ಇರುತ್ತದಲ್ಲ. ನಮ್ಮ ಮನೆಯ ಮುಂದಿನ ಗಟಾರ ಮಳೆಗೆ ಉಕ್ಕಿ ಓಣಿಯಲ್ಲಿ ನಾರುತ್ತಿತ್ತು. ಹೊಸ ಮೆಂಬರಿಗೆ ಫೋನು ಮಾಡಿ, ಸ್ವಲ್ಪ ದರ್ಪದಿಂದಲೇ, ಬಂದು ನೋಡಬೇಕು ಎಂದೆ. ಶಾಂತಕ್ಕ ಮರುದಿನ ಬೆಳಿಗ್ಗೆಯೇ ಕೋಲೂರಿಕೊಂಡು ಬಂದರು. ಗಟಾರದ ಉದ್ದಕ್ಕೂ ಕುಂಟುತ್ತ ನಡೆದು, ನಮ್ಮ ಬಾಗಿಲ ಮುಂದೆ ನಿಂತು, ಕೋಲಿನಿಂದ ನಮ್ಮ ಕಟ್ಟೆಯನ್ನು ತಟ್ಟಿದರು. ನಾಲ್ಕು ವರ್ಷದ ಹಿಂದೆ ಈರಣ್ಣ ಬೈಕು ಹತ್ತಿಸಲೆಂದು ಕಟ್ಟಿಸಿದ್ದು. ನೀರು ಹೋಗುವ ಬಾಯಿಯ ಮೇಲೇ ಕೂತಿತ್ತು. ದಿನಾ ಅದನ್ನೇ ದಾಟಿ ಓಡಾಡುತ್ತಿದ್ದ ನನಗೆ ಕಂಡೇ ಇರಲಿಲ್ಲ.

“ಎಷ್ಟು ಮುಂದ ಬಂದೈತಿ ಇದು?” ಎಂದು ಶಾಂತಕ್ಕ ನೋಟ್‌ಬುಕ್ಕು ತೆಗೆದರು.

ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ಒಳಗಿಂದ ಟೇಪು ತಂದು, ಬಗ್ಗಿ ಅಳತೆ ಹಿಡಿದು, ಗಟ್ಟಿಯಾಗಿ ಓದಿ ಹೇಳಿದೆ. ಎರಡೂವರೆ ಫೂಟು. ಅಳತೆಯಲ್ಲಿ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ.